ಎರಡನೆಯ ಸಲ ಓದದ ಪ್ರಬಂಧ

ಕಳೆದ ಫೆಬ್ರವರಿಯಲ್ಲಿ ಮಗಳ ಮನೆಗೆಂದು ಮಸ್ಕತ್ತಿಗೆ ಹೋಗಿದ್ದೆ. ಅವಳೀಗ ಅಲ್ ಖೌದ್‌ನಲ್ಲಿದ್ದಾಳೆ. ಒಂದು ಮಧ್ಯಾಹ್ನ ತರಕಾರಿಗೆಂದು ಹೊರಟು, ಬಿಸಿಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆರೆದಾಗ ಹಳಸಿದ ಅನ್ನ, ಹಸಿ ಈರುಳ್ಳಿ, ಕಾದ ಪ್ಲಾಸ್ಟಿಕ್ಕು ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಹೊಡೆಯಿತು. ಅಳಿಯ ಹಿಂದಿನ ದಿನದ ಊಟದ ಡಬ್ಬಿಯನ್ನು ಸೀಟಿನ ಮೇಲೆಯೇ ಮರೆತಿದ್ದ. ಮಗಳು ಗೊಣಗುತ್ತ ನಾಲ್ಕೂ ಗಾಜು ಇಳಿಸಿದಳು. ನಾನು ಒಳಗೆ ಕೂರದೆ ಬಾಗಿಲು ಹಿಡಿದುಕೊಂಡು ನಿಂತೇ ಇದ್ದೆ.

“ಅಮ್ಮಾ, ವಾಂತಿ ಬರ್ತದಾ?” ಎಂದಳು.

“ಇಲ್ಲ, ಒಂದು ಪ್ರಬಂಧ ನೆನಪಾಯಿತು.”

ಅವಳು ನಕ್ಕಳು. ಜೀವಮಾನವಿಡೀ ಇಂಗ್ಲಿಷ್ ಕಲಿಸಿದ ತಾಯಿಗೆ ಹಳಸಿದ ಅನ್ನದಿಂದ ಪ್ರಬಂಧ ನೆನಪಾದರೆ ಅದರಲ್ಲಿ ಅವಳಿಗೆ ಆಶ್ಚರ್ಯವೇನೂ ಕಾಣಲಿಲ್ಲ. ದಾರಿಯುದ್ದಕ್ಕೂ ಅವಳು ಬೇರೆ ಏನೇನೋ ಹೇಳುತ್ತಿದ್ದಳು. ಅಲ್ ಖುವೈರ್ ದಾಟುವಾಗ ನಾವು ಹದಿನಾಲ್ಕು ವರ್ಷ ಬಾಡಿಗೆಗಿದ್ದ ಕಟ್ಟಡ ಹೆದ್ದಾರಿಯ ಪಕ್ಕದಲ್ಲಿ ಕಂಡಿತು. ಬಣ್ಣ ಬದಲಾಗಿದೆ, ಬಾಲ್ಕನಿಗಳು ಅವೇ. ಮೂರನೆಯ ಮಹಡಿಯ ಬಲಗಡೆಯ ಬಾಲ್ಕನಿಯನ್ನು ನೋಡಿದವಳು ಬೇಗ ಮುಖ ತಿರುಗಿಸಿದೆ.

ಅದು ಎರಡು ಸಾವಿರದ ಹದಿನೈದು. ಎಣ್ಣೆಯ ಬೆಲೆ ಬಿದ್ದು ಎದ್ದೇಳದ ಕಾಲ. ಗೋಳಿಬಜೆ ಕರಿಯುವ ಎಣ್ಣೆ ಬಿಟ್ಟರೆ ಬೇರೆ ಎಣ್ಣೆಯ ಮುಖ ಕಂಡಿರದ ನಾವೂ ಬೆಳಿಗ್ಗೆ ಎದ್ದು “ಬ್ಯಾರಲ್ ಎಷ್ಟಕ್ಕೆ ಬಂತು?” ಎಂದು ಕೇಳುವಂತಾಗಿತ್ತು. ಸೂಪರ್ ಮಾರ್ಕೆಟ್ಟಿನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಸೋಫಾ, ಫ್ರಿಜ್ಜು, ಮಗುವಿನ ತೊಟ್ಟಿಲುಗಳ ಚೀಟಿಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತಿದ್ದವು. ನನ್ನ ಶಾಲೆಯ ಬಸ್ಸುಗಳಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವೇ ನಿಂತುಹೋಯಿತು, ಅಷ್ಟು ಸೀಟುಗಳು ಖಾಲಿ.

ಆದರೆ ಕೆಲಸ ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮವರಲ್ಲಿ ಅದೊಂದು ಕಟ್ಟಳೆಯೇ ಆಗಿಬಿಟ್ಟಿತ್ತು. ಅತ್ತೆಗೆ ಹುಷಾರಿಲ್ಲ, ಮಗನನ್ನು ಊರಿನ ಕಾಲೇಜಿಗೆ ಸೇರಿಸಬೇಕು, ಜಾಗದ ಪಾಲುಪಟ್ಟಿ ಇದೆ, ಹೋಗಿ ಬರ್ತೇವೆ ಎನ್ನುತ್ತಿದ್ದರು. ಹೋಗುತ್ತಿದ್ದರು, ಬರುತ್ತಿರಲಿಲ್ಲ. ಆ ಒಂದು ವರ್ಷದಲ್ಲಿ ಕರ್ನಾಟಕದಲ್ಲಿ ಅದೆಷ್ಟು ಅತ್ತೆಯಂದಿರು ಕಾಯಿಲೆ ಬಿದ್ದರೋ ದೇವರೇ ಬಲ್ಲ. ಕೇಳಿದವರೂ ನಂಬಿದಂತೆ ತಲೆಯಾಡಿಸುತ್ತಿದ್ದರು. ನಾಳೆ ತಾವೂ ಅದೇ ಅತ್ತೆಯನ್ನು ಮಲಗಿಸಬೇಕಾದೀತು ಎಂಬ ಭಯ ಎಲ್ಲರಿಗೂ ಇತ್ತು.

ನಾನು ಕಾರ್ಕಳದವಳು. ನನ್ನ ಗಂಡ ಸುಧಾಕರ ಹಡಗಿನ ಸರಕು ಬಿಡಿಸುವ ಒಂದು ಕಚೇರಿಯಲ್ಲಿದ್ದ. ನಾನು ಭಾರತೀಯ ಶಾಲೆಯೊಂದರಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಯವರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಅದರಲ್ಲಿ ಅಡ್ವಾನ್ಸ್ಡ್ ಇಂಗ್ಲಿಷ್ ಎಂಬ ಎರಡು ವರ್ಷದ ಒಂದು ಸಣ್ಣ ಗುಂಪು ನನ್ನದೇ ಕೂಸು. ಉಳಿದವರು ಪಾಠ ಓದಿ ಪ್ರಶ್ನೆಗೆ ಉತ್ತರ ಬರೆದರೆ ಸಾಕು. ಈ ಗುಂಪಿನವರು ದಪ್ಪ ಪುಸ್ತಕಗಳನ್ನು ಇಡಿಯಾಗಿ ಓದಬೇಕು, ಓದಿದ್ದರ ಬಗ್ಗೆ ವಾದಿಸಬೇಕು, ವಾರಕ್ಕೊಂದು ಪ್ರಬಂಧ ಬರೆಯಬೇಕು. ಸೇರಲು ಪರೀಕ್ಷೆ, ಸಂದರ್ಶನ ಎರಡೂ ಇದ್ದವು. ಊರಿನಲ್ಲಿ ಮೆಡಿಕಲ್ ಸೀಟಿಗೆ ಒದ್ದಾಡುವ ಹಾಗೆ ಅಲ್ಲಿ ಕೆಲವು ಮಕ್ಕಳು ಇದಕ್ಕೆ ಒದ್ದಾಡುತ್ತಿದ್ದರು. ನನಗೂ ಅದರ ಜಂಬ ಕಡಿಮೆ ಇರಲಿಲ್ಲ.

ಆ ಏಪ್ರಿಲ್‌ನಲ್ಲಿ ಸಂದರ್ಶನಕ್ಕೆ ಬಂದವರಲ್ಲಿ ರೇಣುಕಾ ಹೊಸಮನಿ ಒಬ್ಬಳು. ಗದಗದ ಕಡೆಯವರು, ತಂದೆ ಎಂಜಿನಿಯರ್. ಎಣ್ಣೆ ಬಾವಿಗಳಿಗೆ ಯಂತ್ರದ ಬಿಡಿಭಾಗ ಒದಗಿಸುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಎಂಟನೆಯ ತರಗತಿಯವರೆಗೆ ಹುಡುಗಿ ಊರಿನಲ್ಲೇ ಕನ್ನಡದಲ್ಲಿ ಓದಿದವಳು. ಅವಳ ಇಂಗ್ಲಿಷ್ ನಾಲ್ಕು ಹೆಜ್ಜೆ ನಡೆದು ಒಂದು ಕ್ಷಣ ನಿಂತು ಮತ್ತೆ ನಡೆಯುತ್ತಿತ್ತು. ಅವಳಿಗಿಂತ ಮೊದಲು ಬಂದಿದ್ದ ನಿಖಿಲ್ ಎಂಬ ಮಂಗಳೂರಿನ ಹುಡುಗ ಚರ್ಚಾ ಸ್ಪರ್ಧೆಯ ಹುಲಿ. ಕೊಟ್ಟ ಒಂದು ಪುಟದ ಕತೆಯನ್ನು ಓದಿ ಹತ್ತು ನಿಮಿಷ ನಿರರ್ಗಳವಾಗಿ ಮಾತಾಡಿ ಹೋಗಿದ್ದ. ಪಕ್ಕದಲ್ಲಿದ್ದ ಉಪ ಪ್ರಾಂಶುಪಾಲರು ಬಾಯಿ ಚಪ್ಪರಿಸುವುದೊಂದು ಬಾಕಿ.

ರೇಣುಕಾ ಅದೇ ಪುಟ ಓದಿ ಸುಮ್ಮನೆ ಕುಳಿತಳು. ಮತ್ತೊಮ್ಮೆ ಓದಿದಳು. ಉಪ ಪ್ರಾಂಶುಪಾಲರು ಗಡಿಯಾರ ನೋಡಿದರು. ಕೊನೆಗೆ ಅವಳು ಮೆಲ್ಲನೆ, “ಮ್ಯಾಮ್, ಅಜ್ಜಿ ಬಾಗಿಲನ್ನು ಎರಡು ಸಲ ಚಿಲಕ ಹಾಕುತ್ತಾಳೆ. ನಡುವೆ ತೆಗೆದದ್ದು ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಆ ಕತೆಯನ್ನು ನಾನು ಒಂಬತ್ತು ವರ್ಷ ಕಲಿಸಿದ್ದೆ. ಅಜ್ಜಿ ಎರಡು ಸಲ ಚಿಲಕ ಹಾಕಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. “ಈ ಹುಡುಗಿ ನನಗೆ ಬೇಕು” ಎಂದು ಉಪ ಪ್ರಾಂಶುಪಾಲರಿಗೆ ಹೇಳಿದೆ. “ಮಾತೇ ಬರುವುದಿಲ್ಲವಲ್ಲ” ಎಂದರು. “ನನಗೆ ನಾಲಿಗೆ ಬೇಡ ಸರ್, ಕಣ್ಣು ಬೇಕು” ಎಂದು ದೊಡ್ಡ ಮಾತಾಡಿ ಸೇರಿಸಿಕೊಂಡೆ.

ಮೊದಲ ದಿನ ತರಗತಿಯಲ್ಲಿ ಹದಿನೆಂಟು ಮಕ್ಕಳಿಗೂ ಅದೇ ಭಾಷಣ ಬಿಗಿದೆ. ಇಲ್ಲಿ ಗೆಲ್ಲುವುದು ಚಂದ ಮಾತಾಡುವವರಲ್ಲ. ಒಂದೇ ಪುಟದ ಮುಂದೆ ಅರ್ಧ ಗಂಟೆ ಕೂರಲು ಬೆನ್ನಿರಬೇಕು. ಗೊತ್ತಿಲ್ಲ ಎಂದು ಕೇಳಲು ನಾಚಿಕೆ ಬಿಟ್ಟಿರಬೇಕು. ಕೆಂಪು ಶಾಯಿ ಅರಗಿಸಿಕೊಳ್ಳುವ ಹೊಟ್ಟೆ ಇರಬೇಕು, ಹರಿದು ಮತ್ತೆ ಬರೆಯುವ ಹಟ ಇರಬೇಕು. ಎಲ್ಲಕ್ಕಿಂತ ಮುಖ್ಯ, ಯಾವುದನ್ನೂ ಎರಡು ಸಲ ಓದಿ. ಮೊದಲನೆಯ ಸಲ ಬರೆದವರು ಹೇಳಿದ್ದು ಕೇಳಿಸುತ್ತದೆ, ಎರಡನೆಯ ಸಲ ಅವರು ಹೇಳದೆ ಬಿಟ್ಟದ್ದು ಕೇಳಿಸುತ್ತದೆ. ಈ ಕೊನೆಯ ವಾಕ್ಯವನ್ನು ನಾನು ಪ್ರತಿ ವರ್ಷ ಹೇಳುತ್ತಿದ್ದೆ, ಹೇಳಿದಾಗಲೆಲ್ಲ ನನಗೇ ರೋಮಾಂಚನವಾಗುತ್ತಿತ್ತು.

ಆ ಬೇಸಿಗೆ ಎಂದಿನ ಹಾಗೆ ಬೆಂಕಿ. ಆಗಸ್ಟಿನಲ್ಲಿ ರಜೆ ಮುಗಿಸಿ ಬಂದಾಗ ಹದಿನೆಂಟು ಮಕ್ಕಳಲ್ಲಿ ಹದಿನೈದು ಉಳಿದಿದ್ದರು. ನಿಖಿಲ್‌ನ ಮೊದಲ ಪ್ರಬಂಧವನ್ನು ನಾನು ಕೆಂಪು ಮಾಡಿದ್ದಕ್ಕೆ ಅವನು ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ರೇಣುಕಾಳ ಪ್ರಬಂಧಗಳೂ ಕೆಂಪಾಗಿಯೇ ಹಿಂದಿರುಗುತ್ತಿದ್ದವು. ಅವಳು ಮಾತ್ರ ಅವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗಿ, ಎರಡು ದಿನ ಬಿಟ್ಟು ನಾನು ಕೇಳದಿದ್ದರೂ ಹೊಸದಾಗಿ ಬರೆದು ತಂದು ಮೇಜಿನ ಮೇಲೆ ಇಡುತ್ತಿದ್ದಳು. ಅಕ್ಟೋಬರಿನಲ್ಲಿ ಗಾಳಿ ತಂಪಾಗುವ ಹೊತ್ತಿಗೆ ಅವಳ ವಾಕ್ಯಗಳು ನಿಲ್ಲದೆ ನಡೆಯತೊಡಗಿದ್ದವು. ಎರಡು ವರ್ಷ ಮುಗಿಸಿ, ಊರಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿ, ನನ್ನ ಹಾಗೆ ಟೀಚರ್ ಆಗುತ್ತೇನೆ ಎಂದು ಒಮ್ಮೆ ಕಾರಿಡಾರಿನಲ್ಲಿ ಹೇಳಿದ್ದಳು. ಹೊಗಳಿಕೆ ಯಾರಿಗೆ ಬೇಡ? ಆ ದಿನ ನಾನು ಬಸ್ಸಿಗೆ ಕಾಯದೆ ಮನೆಯವರೆಗೂ ನಡೆದೇ ಹೋದೆ.

ನವೆಂಬರಿನ ಕೊನೆಯ ವಾರ ಒಂದು ಕೆಲಸ ಕೊಟ್ಟೆ. ಮನೆಯ ಒಂದು ವಸ್ತುವನ್ನು ಒಂದು ವಾರ ನೋಡಿ. ಅದರ ಬಗ್ಗೆ ಬರೆಯಿರಿ. ಅನಿಸಿದ್ದು ಬೇಡ, ಕಂಡದ್ದು ಮಾತ್ರ. ನಿಖಿಲ್ ಬಾಲ್ಕನಿಯ ಒಣಗುವ ಬಟ್ಟೆಗಳ ಬಗ್ಗೆ ಬರೆದ. ರೇಣುಕಾ ಅಪ್ಪನ ಊಟದ ಡಬ್ಬಿಯ ಬಗ್ಗೆ ಬರೆದಳು. ಅದನ್ನು ಎಲ್ಲರ ಜೊತೆ ಕೊಡದೆ, ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿಗೆ ತಂದು ಕೈಗೇ ಕೊಟ್ಟಳು. ಓದಿ ಬೆರಗಾದೆ. ಅಂಚಿನಲ್ಲೆಲ್ಲ ಗುರುತು ಹಾಕಿ ‘ಸೊಗಸಾದ ವಿವರ’, ‘ಎಷ್ಟು ಸಂಯಮ’ ಎಂದು ಬರೆದೆ. ಒಂದೇ ಸಲ ಓದಿದ್ದೆ. ಮೇಜಿನ ಮೇಲೆ ಇನ್ನೂ ಹದಿನಾಲ್ಕು ಇದ್ದವು.

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ತಿಂಗಳ ಎರಡನೆಯ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಒಂದು ಓದುಕೂಟ ನಡೆಯುತ್ತಿತ್ತು. ಶಾಲೆಯ ಕನ್ನಡದ ಮಕ್ಕಳು, ಅವರ ಅಪ್ಪ ಅಮ್ಮಂದಿರು. ಮಕ್ಕಳು ಓದಿದ್ದೋ ಬರೆದದ್ದೋ ಕೇಳುವುದು, ಆಮೇಲೆ ಚಹಾ, ಗೋಳಿಬಜೆ. ನಿಜ ಹೇಳಬೇಕೆಂದರೆ ಕೆಲವರು ಗೋಳಿಬಜೆಗೇ ಬರುತ್ತಿದ್ದರು. ಡಿಸೆಂಬರಿನ ಆ ಶುಕ್ರವಾರ ಏಳು ಮನೆಯವರಿದ್ದರು. ಹೊಸಮನಿಯವರು, ಅವರ ಹೆಂಡತಿ ಶಾಂತಕ್ಕ, ರೇಣುಕಾ ಮೂವರೂ ಬಂದಿದ್ದರು. ಹೊಸಮನಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಿದ್ದರು.

ಮಕ್ಕಳ ಓದು ಮುಗಿದ ಮೇಲೆ ನಾನು ಎದ್ದು, “ಇವತ್ತು ಒಂದು ವಿಶೇಷ ಉಂಟು” ಎಂದೆ. ಒಳಗಿನಿಂದ ರೇಣುಕಾಳ ಪ್ರಬಂಧ ತಂದೆ. ಅವಳು ನನ್ನ ಕೈಯಲ್ಲಿದ್ದ ಹಾಳೆ ನೋಡಿದವಳೇ ಅರ್ಧ ಎದ್ದು ನಿಂತಳು. ನಾಚಿಕೆ ಎಂದುಕೊಂಡೆ, ಕೂರು ಕೂರು ಎಂದು ಸನ್ನೆ ಮಾಡಿದೆ. ಅಮ್ಮಂದಿರಿಗೆಲ್ಲ ಸರಿಯಾಗಿ ಅರ್ಥವಾಗಲಿ ಎಂದು ಇಂಗ್ಲಿಷಿನ ಒಂದೊಂದೇ ವಾಕ್ಯ ಓದಿ ಅಲ್ಲೇ ಕನ್ನಡ ಮಾಡಿ ಹೇಳತೊಡಗಿದೆ. ಆ ಉಪಕಾರ ಯಾರು ಕೇಳಿದ್ದರೋ.

ಅಪ್ಪನ ಆಫೀಸಿನಲ್ಲಿ ಎಂಟು ಜನ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಎಲ್ಲರ ಡಬ್ಬಿಯೂ ಎಲ್ಲರ ಕೈಗೆ ಹೋಗಿ ಬರುತ್ತದೆ. ಅಮ್ಮ ನಾಲ್ಕು ಜನಕ್ಕಾಗುವಷ್ಟು ಪಲ್ಯ ಹಾಕುತ್ತಾಳೆ. ಹಾಗೆ ಶುರುವಾಗಿತ್ತು ಅದು.

ಭಾನುವಾರ. ನಾಲ್ಕು ರೊಟ್ಟಿ ಹೋದವು, ಎರಡು ಬಂದವು. ಪಲ್ಯ ಮುಕ್ಕಾಲು ಬಂತು. ಮುಚ್ಚಳದ ಸಂದಿಯಲ್ಲಿ ಮರಳು ಇತ್ತು.

ಸೋಮವಾರ. ಮೊದಲೆಲ್ಲ ಡಬ್ಬಿಗೆ ಥಾಮಸ್ ಅಂಕಲ್ ಮನೆಯ ಮೀನಿನ ವಾಸನೆ ಹತ್ತಿರುತ್ತಿತ್ತು. ಅಮ್ಮ ಬೈಯುತ್ತ ಎರಡು ಸಲ ತೊಳೆಯುತ್ತಿದ್ದಳು. ಈಗ ಅಮ್ಮ ಒಂದೇ ಸಲ ತೊಳೆಯುತ್ತಾಳೆ.

ಇಲ್ಲಿ ಕೆಲವರು ನಕ್ಕರು. ನಾನೂ ನಕ್ಕೆ.

ಮಂಗಳವಾರ. ಸಲೀಂ ಅಂಕಲ್ ದಿನಾ ಎರಡು ಖರ್ಜೂರ ಡಬ್ಬಿಯಲ್ಲಿ ಹಾಕುತ್ತಿದ್ದರು, ಅವು ನನಗೆ. ಇವತ್ತೂ ಇರಲಿಲ್ಲ. ಸಲೀಂ ಅಂಕಲ್‌ಗೆ ರಜೆಯೇ ಎಂದು ಕೇಳಿದೆ. ಅಪ್ಪ ಹೌದು ಎಂದರು.

ಬುಧವಾರ. ಮೊಸರು ಹುಳಿಯಾಗಿ, ಉಕ್ಕಿ ಬಂತು. ಅಪ್ಪನ ಆಫೀಸಿನಲ್ಲಿ ಫ್ರಿಜ್ಜು ಇದೆ.

“ಟೀಚರ್, ಇಲ್ಲಿಗೆ ಸಾಕ್ ಮಾಡ್ರಿ” ಎಂದರು ಶಾಂತಕ್ಕ.

ದನಿ ಸಣ್ಣದಿತ್ತು. ಹೊಗಳಿದರೆ ಮಗಳಿಗೆ ದೃಷ್ಟಿ ತಾಗೀತು ಎಂಬ ಸಂಕೋಚ ಎಂದು ನಾನು ಭಾವಿಸಿದೆ. “ಒಂದೇ ದಿನ ಬಾಕಿ ಇರುವುದು ಶಾಂತಕ್ಕ, ಅದೇ ಇದರಲ್ಲಿ ಅತ್ಯುತ್ತಮ ಭಾಗ” ಎಂದು ಹೇಳಿ ಓದಿಯೇಬಿಟ್ಟೆ.

ಗುರುವಾರ. ಡಬ್ಬಿಯನ್ನು ನಾನು ತೊಳೆದೆ. ಅದನ್ನು ತೆರೆದೇ ಇರಲಿಲ್ಲ. ಎಲ್ಲ ಹಾಕಿದ ಹಾಗೇ ಇತ್ತು. ಊಟ ಚೆನ್ನಾಗಿತ್ತು ಎಂದು ಅಪ್ಪ ಅಮ್ಮನಿಗೆ ಹೇಳುತ್ತಿದ್ದರು. ನಾನು ನಲ್ಲಿಯನ್ನು ಜೋರಾಗಿ ಬಿಟ್ಟೆ.

ನಾನು ಹಾಳೆ ಮಡಚಿ, ವಿಶೇಷಣಗಳಿಲ್ಲದೆ ಬರೆಯುವುದು ಎಷ್ಟು ಕಷ್ಟ, ಎಣ್ಣೆ ಕುಸಿತದ ಈ ದಿನಗಳಲ್ಲಿ ಊಟಕ್ಕೂ ಪುರುಸೊತ್ತಿಲ್ಲದೆ ದುಡಿಯುವ ತಂದೆಯನ್ನು ಹುಡುಗಿ ಎಷ್ಟು ನವಿರಾಗಿ ತೋರಿಸಿದ್ದಾಳೆ ಎಂದೆಲ್ಲ ವಿವರಿಸಿದೆ. ಹೊಸಮನಿಯವರು ಎದ್ದು ಬಾಲ್ಕನಿಗೆ ಹೋಗಿ ಹೆದ್ದಾರಿಯ ಕಡೆ ಮುಖ ಮಾಡಿ ನಿಂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ ಇನ್ನಿಬ್ಬರು ಗಂಡಸರು ನೆಲ ನೋಡುತ್ತ ಕುಳಿತಿದ್ದು ಈಗ ನೆನಪಾಗುತ್ತದೆ. ಆಗ ನನಗೆ ಕಂಡದ್ದು, ಈ ಜನಕ್ಕೆ ಸಾಹಿತ್ಯದ ರುಚಿ ಇಲ್ಲ ಎಂಬುದು ಮಾತ್ರ. ಶಾಂತಕ್ಕ ಚಹಾ ಮುಟ್ಟಲಿಲ್ಲ. ಮೂವರೂ ಬೇಗ ಹೊರಟರು.

ಎಲ್ಲರೂ ಹೋದ ಮೇಲೆ ಸುಧಾಕರ ಅಡುಗೆಮನೆಗೆ ಬಂದ. ನಾವು ಮನೆಯಲ್ಲಿ ಆಡುವುದು ತುಳು. ತುಳುವಿನಲ್ಲಿ ಅವನು ಕೇಳಿದ್ದು ಇಷ್ಟು: “ಅಲ್ಲ ಮಾರಾಯ್ತಿ, ಆ ಮನುಷ್ಯನಿಗೆ ಕೆಲಸ ಇಲ್ಲ. ಕಾರಿನಲ್ಲಿ ಕೂತು ಉಣ್ಣುತ್ತಾನೆ. ನಿನಗೆ ಓದುವಾಗ ಗೊತ್ತಾಗಲಿಲ್ಲವಾ?”

ನಾನು ಹಾಳೆ ತೆಗೆದು ಎರಡನೆಯ ಸಲ ಓದಿದೆ. ಮರಳು ಕಡಲ ತೀರದ್ದು. ಮೊಸರು ಹುಳಿಯಾದದ್ದು ನಿಂತ ಕಾರಿನ ಬಿಸಿಗೆ. ಆ ಸಾಲಿನ ಪಕ್ಕದಲ್ಲೇ ನನ್ನ ಕೈಬರಹದಲ್ಲಿ ‘ಸೊಗಸಾದ ವಿವರ’ ಎಂದಿತ್ತು. ದೀಪದ ಬುಡ ಕತ್ತಲೆ ಎಂಬುದನ್ನು ಎಷ್ಟೋ ಸಲ ಬೇರೆಯವರ ಬಗ್ಗೆ ಹೇಳಿದ್ದೆ. ನೆಲದ ಮೇಲೆ ಕುಳಿತು ಅತ್ತೆ.

ಭಾನುವಾರ ಶಾಲೆ ಬಿಡುವ ಹೊತ್ತಿಗೆ ಹೊಸಮನಿಯವರು ಪಾರ್ಕಿಂಗಿನ ನೆರಳು ಬಲೆಯ ಕೆಳಗೆ ನಿಂತಿದ್ದರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕೈ ಮುಗಿದರು.

“ಮೂರು ತಿಂಗಳ ನೋಟಿಸ್ ಕೊಟ್ಟಾರ್ರೀ. ಆಫೀಸಿಗೆ ಬರೂದು ಬ್ಯಾಡ ಅಂದಾರ. ಮನ್ಯಾಗ ಕುಂತ್ರ ಮಗಳ ಓದು ಕೆಡತದ ಅಂತ ತಿಳಕೊಂಡೆ. ಮುಂಜಾನೆ ಹೊರಡೂದು, ಮಧ್ಯಾಹ್ನತನಕ ಒಂದೊಂದ ಕಂಪನಿ ಬಾಗಿಲಾ ತಟ್ಟೂದು, ಆಮ್ಯಾಲೆ ಖುರುಮ್ ಬೀಚಿನಾಗ ಕಾರ್ ಹಚ್ಚಿ ಉಣ್ಣೂದು. ಗುರುವಾರ ಒಂದು ಕಡೆ ಆಗೇ ಬಿಡತದ ಅನ್ಕೊಂಡಿದ್ದೆ. ಆಗಲಿಲ್ಲ. ಊಟ ಸೇರಲಿಲ್ರಿ.”

“ಹೊಸಮನಿಯವರೇ, ನನ್ನಿಂದ ದೊಡ್ಡ ತಪ್ಪಾಯಿತು.”

“ಅದಿರಲಿ ಬಿಡ್ರಿ. ಒಂದು ಕೇಳಬೇಕಿತ್ತು. ಆಕಿಗೆ ಗೊತ್ತಿತ್ತೇನ್ರಿ? ಇಲ್ಲಾ ಡಬ್ಬಿ ಬಗ್ಗೆ ಅಂತ ಸುಮ್ನ ಬರದಾಳೋ? ನನಗ ಆಕಿನ್ನ ಕೇಳಾಕ ಬಾಯಿ ಬರವಲ್ದು.”

ಮರುದಿನ ರೇಣುಕಾಳನ್ನು ಗ್ರಂಥಾಲಯಕ್ಕೆ ಕರೆದು ಕೇಳಿದೆ. ಅವಳು ಶಾಲೆಯಲ್ಲಿ ಯಾವಾಗಲೂ ಹಾಗೆ, ಇಂಗ್ಲಿಷಿನಲ್ಲೇ ಉತ್ತರಿಸಿದಳು. ಗೊತ್ತಿತ್ತು ಮ್ಯಾಮ್. ಸೋಮವಾರವೇ ಗೊತ್ತಾಯಿತು. ಅಪ್ಪನಿಗೆ ಹೇಳಿದರೆ ಅವರಿಗೆ ನಾಚಿಕೆ, ಅಮ್ಮನಿಗೆ ಹೇಳಿದರೆ ಅಳು. ನೀವು ಓದಿದರೆ ನಿಮಗೆ ಗೊತ್ತಾಗುತ್ತದೆ, ಗೊತ್ತಾದರೆ ಒಂದು ದಿನ ಅಪ್ಪನನ್ನು ಕರೆದು ನೀವೇ ಸಮಾಧಾನವಾಗಿ ಮಾತಾಡುತ್ತೀರಿ ಅಂದುಕೊಂಡೆ. ಅದಕ್ಕೇ ಕೈಗೆ ಕೊಟ್ಟದ್ದು. ಎರಡು ಸಲ ಓದುತ್ತೀರಿ ಅಂದುಕೊಂಡಿದ್ದೆ.

ಮೊದಲ ದಿನ ನಾನು ಅಷ್ಟು ಜೋರಾಗಿ ಹೇಳಿದ ಮಾತನ್ನು ನಂಬಿದವಳು ಹದಿನೆಂಟು ಮಕ್ಕಳಲ್ಲಿ ಅವಳೊಬ್ಬಳೇ ಇರಬೇಕು. ಹೇಳಿದ ನಾನೂ ನಂಬಿರಲಿಲ್ಲ.

ತಪ್ಪು ತಿದ್ದುತ್ತೇನೆ ಎಂದು ಹೊರಟೆ. ಅವಳು ಎರಡನೆಯ ವರ್ಷವನ್ನು ಇಲ್ಲೇ ಮುಗಿಸಬೇಕು ಎಂಬುದೊಂದೇ ತಲೆಯಲ್ಲಿ. ನಮ್ಮ ಮನೆಯಲ್ಲೇ ಇರಲಿ, ನನ್ನ ಮಗಳು ಆಗ ಮಣಿಪಾಲದಲ್ಲಿ ಓದುತ್ತಿದ್ದಳು, ಅವಳ ಕೋಣೆ ಖಾಲಿ ಇತ್ತು. ಸುಧಾಕರ ಒಂದೇ ಮಾತಿಗೆ ಒಪ್ಪಿದ. ಶಾಲೆಯವರೂ ಆಗಬಹುದು ಎಂದರು. ಹೊಸಮನಿಯವರ ಆಫೀಸಿನ ಸಲೀಂ, ಖರ್ಜೂರದ ಸಲೀಂ, ಸರ್ಕಾರಿ ಕಾಗದ ಓಡಿಸುವ ಕೆಲಸದವನು. ದಿಶ್‌ದಾಶಾ ಎಂಬ ಬಿಳಿ ನಿಲುವಂಗಿ ತೊಟ್ಟ, ಕರುಣೆಯ ಕಣ್ಣಿನ ಮನುಷ್ಯ. ಅವನು ನನ್ನ ಎದುರು ಕುಳಿತು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದ. ಮಗಳ ವೀಸಾ ಅಪ್ಪನ ವೀಸಾಕ್ಕೆ ಕಟ್ಟಿದ್ದು. ಅಪ್ಪನಿಗೆ ಕಫೀಲ್, ಅಂದರೆ ಜಾಮೀನು ನಿಲ್ಲುವ ಮಾಲೀಕ, ಇಲ್ಲವೆಂದರೆ ಮಗಳೂ ಖಲಾಸ್. “ಟೀಚರ್ ಕಾ ದಿಲ್ ಬಡಾ ಹೈ, ಕಾನೂನ್ ಬಹುತ್ ಛೋಟಾ” ಎಂದ. ಆದರೆ ಪರೀಕ್ಷೆ ಮುಗಿಯುವವರೆಗೆ ಕಾಗದಗಳು ತನ್ನ ಮೇಜಿನಿಂದ ಏಳುವುದಿಲ್ಲ ಎಂದು ಮಾತು ಕೊಟ್ಟ. ಕೊಟ್ಟ ಮಾತಿನಂತೆ ನಡೆದುಕೊಂಡ.

ಜನವರಿಯಲ್ಲಿ ಎರಡು ದಿನ ಮಳೆ ಬಂತು. ಬೆಟ್ಟದಿಂದ ನೀರಿಳಿದು, ವಾದಿ ಎಂದು ಕರೆಯುವ ಅಲ್ಲಿನ ಒಣ ಹೊಳೆಗಳು ತುಂಬಿ ಶಾಲೆಗೆ ರಜೆ. ಆ ಸಂಜೆ ನಮ್ಮ ಕಟ್ಟಡದ ಮೆಟ್ಟಿಲಲ್ಲಿ, ಓದುಕೂಟಕ್ಕೆ ಬರುತ್ತಿದ್ದ ಬಂಟ್ವಾಳದವರೊಬ್ಬರು ನನ್ನನ್ನು ನಿಲ್ಲಿಸಿದರು. ಅವತ್ತು ನೆಲ ನೋಡುತ್ತ ಕುಳಿತಿದ್ದವರಲ್ಲಿ ಒಬ್ಬರು. “ನಂದೂ ಹೋಯಿತು ಟೀಚರ್. ಅವತ್ತು ಅದನ್ನು ಕೇಳಿದ ಮೇಲೆ ಮನೆಗೆ ಹೋಗಿ ಹೆಂಡತಿಗೆ ಹೇಳಿಬಿಟ್ಟೆ. ಅತ್ತೆಗೆ ಹುಷಾರಿಲ್ಲ ಅಂತ ಎಷ್ಟು ಜನಕ್ಕೆ ಹೇಳುವುದು? ಅವರು ಗಟ್ಟಿಮುಟ್ಟಾಗಿದ್ದಾರೆ” ಎಂದರು. ಇಬ್ಬರೂ ನಕ್ಕೆವು. ಅವರ ಕಣ್ಣು ಒದ್ದೆಯಾಗಿತ್ತು.

ರೇಣುಕಾ ಒಂದು ದಿನವೂ ತರಗತಿ ತಪ್ಪಿಸಲಿಲ್ಲ. ಮುಂದಿನ ವರ್ಷ ತಾನು ಈ ಬೆಂಚಿನಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದೂ ಮುಂದಿನ ವರ್ಷದ ಪುಸ್ತಕಗಳನ್ನು ಕೇಳಿ ಒಯ್ದು ಓದಿದಳು. ಪ್ರಬಂಧಗಳನ್ನು ಎಲ್ಲರ ಜೊತೆಗೇ ಕೊಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ನಾನು ಪ್ರತಿಯೊಂದನ್ನೂ, ಎಲ್ಲ ಮಕ್ಕಳದ್ದನ್ನೂ, ಎರಡೆರಡು ಸಲ ಓದುತ್ತಿದ್ದೆ. ನಿಖಿಲ್‌ನ ಒಣಗುವ ಬಟ್ಟೆಗಳಲ್ಲಿ ಅಕ್ಟೋಬರಿನಿಂದ ಅಮ್ಮನ ಬಟ್ಟೆ ಇರಲಿಲ್ಲ ಎಂಬುದು ಹಾಗೆ ಓದಿದಾಗ ಕಂಡಿತು. ತಾಯಿ ಕೆಲಸ ಹುಡುಕಿ ಊರಿಗೆ ಹೋಗಿದ್ದರಂತೆ. ಅವನನ್ನು ಒಬ್ಬನೇ ಇದ್ದಾಗ ಕೂರಿಸಿ ಮಾತಾಡಿದೆ. ಆ ನಾಲಿಗೆಯ ಹುಲಿ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೇಳಿಸಿಕೊಂಡು, ಒಂದು ಥ್ಯಾಂಕ್ಯೂ ಮಾತ್ರ ಹೇಳಿ ಹೋದ.

ಮಾರ್ಚಿನಲ್ಲಿ ಫಲಿತಾಂಶ ಬಂತು. ಗುಂಪಿಗೆ ರೇಣುಕಾ ಮೊದಲು. ಅದರ ಮೂರನೆಯ ದಿನ ಹೊಸಮನಿಯವರು ಮಗಳ ವರ್ಗಾವಣೆ ಪತ್ರಕ್ಕೆ ಬಂದರು. ಅವಳೂ ಬಂದಿದ್ದಳು, ಯೂನಿಫಾರ್ಮ್ ಇಲ್ಲದೆ, ಹಸಿರು ಚೂಡಿದಾರದಲ್ಲಿ. ಆಫೀಸಿನ ಗುಮಾಸ್ತ ಪತ್ರ ತಯಾರಿಸುವವರೆಗೆ ನಾವು ಮೂವರೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಗದಗದಲ್ಲಿ ಹನ್ನೆರಡನೆಯದಕ್ಕೆ ಸೇರಿಸುತ್ತೇವೆ, ಅಲ್ಲಿ ಇಂಥ ಗುಂಪು ಇಲ್ಲ, ಸಾದಾ ಇಂಗ್ಲಿಷೇ ಎಂದರು ಹೊಸಮನಿಯವರು. ತಾವು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಮಾತಾಡಿದ್ದೇನೆ ಎಂದೂ ಹೇಳಿದರು. ಅವರ ಮುಖ ಡಿಸೆಂಬರಿಗಿಂತ ತಿಳಿಯಾಗಿತ್ತು.

ಮೂರು ತಿಂಗಳಿಂದ ಒಳಗೇ ಇಟ್ಟುಕೊಂಡದ್ದನ್ನು ಹೇಳಲೇಬೇಕಿತ್ತು. “ರೇಣುಕಾ, ನಾನು ನಿನ್ನಲ್ಲಿ ಕ್ಷಮೆ ಕೇಳಬೇಕು. ನಿನಗೆ ಇಲ್ಲಿ ಇನ್ನೊಂದು ವರ್ಷ ಕೊಡಿಸಲಿಕ್ಕೂ ನನ್ನಿಂದ ಆಗಲಿಲ್ಲ” ಎಂದೆ.

ನನ್ನ ಜೊತೆ ಎಂದೂ ಕನ್ನಡ ಆಡದ ಹುಡುಗಿ ಅವತ್ತು ಕನ್ನಡದಲ್ಲಿ ಮಾತಾಡಿದಳು.

“ಅದು ನಿಮ್ಮ ಕೈಯಾಗ ಇರಲಿಲ್ರಿ ಮ್ಯಾಮ್. ಓದಿದ್ದಕ್ಕೂ ನನಗ ಸಿಟ್ಟಿಲ್ಲ. ನೀವು ಓದಲಿಲ್ಲಂದ್ರ ಅಪ್ಪ ಇನ್ನೂ ಕಾರಿನ್ಯಾಗ ಕುಂತು ಉಣ್ತಿದ್ರು. ಈಗ ಮೂರೂ ಮಂದಿ ಕೂಡೇ ಉಣ್ತೀವಿ.”

ಹೊಸಮನಿಯವರು ನಕ್ಕು ಎದ್ದು ಗುಮಾಸ್ತನ ಕಿಟಕಿಯ ಕಡೆ ಹೋದರು. ಅವರು ಅಷ್ಟು ದೂರ ಹೋಗುವುದನ್ನೇ ಅವಳು ಕಾಯುತ್ತಿದ್ದಳು.

“ಆದ್ರ ಅವ್ವ ಸಾಕು ಅಂದಾಗ ನೀವು ನಿಲ್ಲಸಬೇಕಿತ್ತು ಮ್ಯಾಮ್” ಎಂದಳು. “ಬುಧವಾರದ ತನಕ ಬರದಿದ್ದೆಲ್ಲಾ ಆಕಿಗೂ ಮೊದಲ ತಿಳದಿತ್ತಂತ, ಆಮ್ಯಾಲೆ ಹೇಳಿದ್ಲು. ಮೊಸರು ಆಕೀನ ತೊಳದಿದ್ಲು. ಅಪ್ಪ ಊಟ ಮಾಡಿಲ್ಲ ಅನ್ನೂದು ಗೊತ್ತಿರಲಿಲ್ಲ. ಅದನ್ನ ನಾನು ಆಕಿಯಿಂದ ಮುಚ್ಚಿಟ್ಟಿದ್ದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅವಳ ಹಾಳೆಯ ಅಂಚಿನಲ್ಲಿ ತಪ್ಪು ಗುರುತಿಸುತ್ತಿದ್ದಾಗ ಎಷ್ಟು ಶಾಂತವಾಗಿ ಗುರುತಿಸುತ್ತಿದ್ದೆನೋ ಅಷ್ಟೇ ಶಾಂತವಾಗಿ ಹೇಳಿದ್ದಳು. ನನ್ನ ಬಾಯಿಗೆ ಹತ್ತು ಸಮಜಾಯಿಷಿಗಳು ಬಂದವು. ಒಂದನ್ನೂ ಹೊರಗೆ ಬಿಡಲಿಲ್ಲ.

“ಹೌದು, ನಿಲ್ಲಿಸಬೇಕಿತ್ತು” ಎಂದೆ.

ರೇಣುಕಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ, ಸರಿಯಾದ ಉತ್ತರಕ್ಕೆ ಟೀಚರ್ ತಲೆಯಾಡಿಸುವ ಹಾಗೆ, ಮೆಲ್ಲನೆ ತಲೆಯಾಡಿಸಿದಳು.